ರೋಗ ನಮ್ಮ ರಿಜಿಸ್ಟರಿನಲ್ಲಿ, ಕಾರಣ ಇನ್ನೊಬ್ಬರ ಫೈಲಿನಲ್ಲಿ: ಆರೋಗ್ಯ ಸಿಬ್ಬಂದಿಗೊಂದು ಮಾರ್ಗದರ್ಶಿ

ಓಆರ್‌ಎಸ್ ಕೊಟ್ಟು ಕಳಿಸಿದ ಮಗು ಹದಿನೈದು ದಿನಕ್ಕೆ ಮತ್ತೆ ಬಂತು. ಅದೇ ಭೇದಿ, ಅದೇ ಅಜ್ಜಿಯ ಕಂಕುಳು. ಮೂರನೇ ಸಲ ಬಂದಾಗ ನನಗೆ ಸ್ವಲ್ಪ ಸಿಟ್ಟೇ ಬಂತು. "ಅಜ್ಜಿ, ನೀರು ಕಾಯ್ಸಿ ಆರ್ಸಿ ಕುಡ್ಸು ಅಂತ ಎಷ್ಟು ಸಲ ಹೇಳೋದು?" ಎಂದೆ. ಅಜ್ಜಿ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, "ಸೌದೆ ನೀನು ತಂದಾಕ್ತೀಯೇನಪ್ಪಾ?" ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಇತ್ತು, ಆದರೆ ತುಂಬಿಸಲು ದುಡ್ಡಿಲ್ಲದೆ ಮೂಲೆಯಲ್ಲಿ ಖಾಲಿ ಕೂತಿತ್ತು ಅಂತ ಆಮೇಲೆ ಗೊತ್ತಾಯಿತು. ಮಗುವಿಗೆ ಬೇಕಿದ್ದದ್ದು ನನ್ನ ಬೀರುವಿನಲ್ಲಿದ್ದ ಪೊಟ್ಟಣವಲ್ಲ, ಒಳ್ಳೆಯ ನೀರು. ಆ ನೀರಿನ ಪೈಪು ನನ್ನ ಇಲಾಖೆಯದಲ್ಲ.

ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುವ ಎಲ್ಲರೂ ಒಂದಲ್ಲ ಒಂದು ದಿನ ಈ ಗೋಡೆಗೆ ಹಣೆ ಹೊಡೆದುಕೊಂಡವರೇ. ಕಾಯಿಲೆ ನಮ್ಮ ಪುಸ್ತಕದಲ್ಲಿ ದಾಖಲಾಗುತ್ತದೆ, ಅದರ ಬೇರು ಪಂಚಾಯಿತಿಯ ವಾಲ್ವಿನಲ್ಲೋ, ಡಿಪೋದ ಬಸ್ ವೇಳಾಪಟ್ಟಿಯಲ್ಲೋ, ಅಂಗನವಾಡಿಯ ಉಗ್ರಾಣದಲ್ಲೋ ಇರುತ್ತದೆ. ಆ ಬೇರುಗಳಿಗೆ ತರಬೇತಿಗಳಲ್ಲಿ 'ಆರೋಗ್ಯದ ಸಾಮಾಜಿಕ ನಿರ್ಧಾರಕಗಳು' ಎನ್ನುತ್ತಾರೆ. ಅವುಗಳ ಪರವಾಗಿ ಮಾತಾಡುವುದಕ್ಕೆ 'ವಕಾಲತ್ತು' ಎಂಬ ಪದ ಬಳಸುತ್ತಾರೆ. ಕೇಳಿದವರಿಗೆ ತಕ್ಷಣ ಕೋರ್ಟು, ಕರಿ ಕೋಟು ನೆನಪಾಗುತ್ತದೆ. ನಾನು ಅದನ್ನು 'ಬೆನ್ನು ಹತ್ತುವುದು' ಎಂದೇ ಕರೆಯುತ್ತೇನೆ. ಹೇಗೆ ಬೆನ್ನು ಹತ್ತಬೇಕು ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು, ಆರೋಗ್ಯ ನಿರೀಕ್ಷಣಾಧಿಕಾರಿಗಳು, ಸಿಎಚ್‌ಒಗಳು (ಸಮುದಾಯ ಆರೋಗ್ಯ ಅಧಿಕಾರಿಗಳು), ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಯವರು ಓದಿಕೊಂಡು ನಾಳೆಯೇ ಶುರು ಮಾಡುವ ಹಾಗೆ ಬರೆಯಲು ಪ್ರಯತ್ನಿಸಿದ್ದೇನೆ.

ಮೊದಲಿಗೆ, "ಇದು ನಮ್ಮ ಕೆಲಸವಾ?" ಎಂದು ಕೇಳುವವರಿಗೆ ಎರಡು ಮಾತು. ಸಂವಿಧಾನದ 47ನೇ ವಿಧಿ ಜನರ ಪೌಷ್ಟಿಕತೆ, ಜೀವನಮಟ್ಟ ಮತ್ತು ಸಾರ್ವಜನಿಕ ಆರೋಗ್ಯ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ, ಅವನ್ನು ಉತ್ತಮಪಡಿಸುವುದು ಸರ್ಕಾರದ ಪ್ರಾಥಮಿಕ ಕರ್ತವ್ಯಗಳಲ್ಲಿ ಸೇರಿದ್ದು ಎನ್ನುತ್ತದೆ. 1986ರಲ್ಲಿ ಅಂತರರಾಷ್ಟ್ರೀಯ ಆರೋಗ್ಯ ಸಮ್ಮೇಳನವೊಂದು ಹೊರಡಿಸಿದ ಒಟ್ಟಾವಾ ಸನ್ನದು ಆರೋಗ್ಯ ಕ್ಷೇತ್ರದವರು ಮಾಡಬೇಕಾದದ್ದು ಮೂರು ಎಂದಿತು: ಜನರ ಆರೋಗ್ಯದ ಪರ ದನಿ ಎತ್ತುವುದು, ಅವರ ಕೈ ಬಲಪಡಿಸುವುದು, ಬೇರೆಬೇರೆ ವಲಯಗಳ ನಡುವೆ ಮಧ್ಯಸ್ಥಿಕೆ ಮಾಡುವುದು. ವಿಶ್ವ ಆರೋಗ್ಯ ಸಂಸ್ಥೆ ಮೈಕಲ್ ಮಾರ್ಮಟ್ ಅಧ್ಯಕ್ಷತೆಯಲ್ಲಿ ಇದಕ್ಕೆಂದೇ ಒಂದು ಆಯೋಗ ಕೂರಿಸಿತ್ತು. ಅಮರ್ತ್ಯ ಸೇನ್ ಕೂಡ ಅದರ ಸದಸ್ಯರಾಗಿದ್ದರು. 2008ರಲ್ಲಿ ಬಂದ ಅದರ ವರದಿ, ಜನ ಹುಟ್ಟುವ, ಬೆಳೆಯುವ, ದುಡಿಯುವ, ಮುಪ್ಪಾಗುವ ಪರಿಸ್ಥಿತಿಗಳೇ ಅವರ ಆಯುಸ್ಸನ್ನು ಬಹುಪಾಲು ತೀರ್ಮಾನಿಸುತ್ತವೆ ಎಂದಿತು. ಮೇಲಧಿಕಾರಿ ಕೇಳಿದರೆ ಇಷ್ಟು ಸಾಕು. ಇನ್ನು ಕೆಲಸಕ್ಕೆ ಬರೋಣ.

1. ರಿಜಿಸ್ಟರನ್ನು ಬೀದಿಯ ಲೆಕ್ಕದಲ್ಲಿ ಓದಿ

ನಾವು ಬರೆಯುವ ವರದಿಗಳೆಲ್ಲ ಮೇಲಕ್ಕೆ ಹೋಗುತ್ತವೆ. ಆರೋಗ್ಯ ಸಹಾಯಕಿಯ ಎಸ್ ಫಾರಂ, ವೈದ್ಯರ ಪಿ ಫಾರಂ, ಪ್ರಯೋಗಾಲಯದ ಎಲ್ ಫಾರಂ ಎಂಬ ರೋಗ ವರದಿ ನಮೂನೆಗಳು ಈಗ ಐಎಚ್‌ಐಪಿ ಎಂಬ ರೋಗ ಕಣ್ಗಾವಲು ಪೋರ್ಟಲ್‌ನಲ್ಲಿ ತುಂಬುತ್ತವೆ. ಅಲ್ಲಿ ಕಾಯಿಲೆಗೆ ಊರಿನ ಹೆಸರು ಸಿಗುತ್ತದೆ, ಬೀದಿಯ ಹೆಸರು ಉಳಿಯುವುದಿಲ್ಲ. ಕಾರಣ ಇರುವುದು ಮಾತ್ರ ಬೀದಿಯಲ್ಲಿ.

ಒಂದು ಎ4 ಹಾಳೆಯಲ್ಲಿ ಊರಿನ ನಕ್ಷೆ ಬರೆಸಿ. ಆಶಾ ಕಾರ್ಯಕರ್ತೆ ಕೂತರೆ ಅರ್ಧ ಗಂಟೆಯ ಕೆಲಸ. ದೇವಸ್ಥಾನ, ಶಾಲೆ, ಓವರ್‌ಹೆಡ್ ಟ್ಯಾಂಕ್, ಮಿನಿ ಟ್ಯಾಂಕ್, ಚರಂಡಿ ಎಲ್ಲ ಗುರುತು ಮಾಡಿ. ಆಮೇಲೆ ಹಿಂದಿನ ಎರಡು ತಿಂಗಳ ಓಪಿಡಿ ಪುಸ್ತಕ ತೆಗೆದು, ಪ್ರತಿ ವಾಂತಿಭೇದಿ ಕೇಸಿಗೆ ಒಂದು ಕೆಂಪು ಚುಕ್ಕೆ ಇಡಿ. ನಾನು ಆ ಅಜ್ಜಿಯ ಊರಿಗೆ ಹೀಗೆ ಮಾಡಿದಾಗ ಮುಕ್ಕಾಲು ಪಾಲು ಚುಕ್ಕೆ ಕಾಲೋನಿಯ ಕೊನೆಯ ಬೀದಿಯಲ್ಲೇ ಬಿದ್ದವು. ಟ್ಯಾಂಕಿನ ಪಕ್ಕದ ಬೀದಿ ಬೆಳ್ಳಗಿತ್ತು. ಟ್ಯಾಂಕ್ ಒಂದೇ, ಬೋರ್‌ವೆಲ್ ಒಂದೇ. ಹಾಗಾದರೆ ತೊಂದರೆ ಟ್ಯಾಂಕಿನಲ್ಲಿಲ್ಲ, ದಾರಿಯಲ್ಲಿದೆ. ಇಷ್ಟು ತಿಳಿಯಲು ನನಗೆ ಬೇಕಾದದ್ದು ಒಂದು ಕೆಂಪು ಪೆನ್ನು.

ಭೇದಿಗೆ ಮಾತ್ರ ಅಂತಲ್ಲ. ಹದಿನೆಂಟು ತುಂಬದ ತಾಯಂದಿರು ಯಾವ ಹಳ್ಳಿಗಳಿಂದ ಹೆಚ್ಚು ಬರುತ್ತಿದ್ದಾರೆ ಎಂದು ವರ್ಷದ ಲೆಕ್ಕ ಹಾಕಿ ನೋಡಿ. ಎಷ್ಟೋ ಕಡೆ ಅದು ಹೈಸ್ಕೂಲಿಗೆ ಬಸ್ಸಿಲ್ಲದ ಹಳ್ಳಿಗಳ ಪಟ್ಟಿಯೇ ಆಗಿರುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಸರಿ. ಬಸ್ಸೇ ತಿರುಗಿ ನೋಡದ ಊರಿನ ಹುಡುಗಿಗೆ ಅದರಿಂದೇನು? ಏಳನೆಯದು ಮುಗಿಸಿ ಮನೆಯಲ್ಲಿ ಕೂತ ಹುಡುಗಿಗೆ ಗಂಡು ಹುಡುಕುವುದು ಬೇಗ.

ಇಲ್ಲೊಂದು ಎಚ್ಚರಿಕೆ. ಒಬ್ಬಳು ಅಪ್ರಾಪ್ತ ಗರ್ಭಿಣಿ ಬಂದರೆ ಅದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ವರದಿ ಮಾಡಲೇಬೇಕಾದ ಪ್ರಕರಣ, ಅದರ ದಾರಿ ಬೇರೆ. ಬೆನ್ನು ಹತ್ತುವ ಕೆಲಸಕ್ಕೆ ಬೇಕಾದದ್ದು ಒಟ್ಟು ಸಂಖ್ಯೆ ಮಾತ್ರ. ಹೆಸರು, ಮನೆ ನಂಬರ್ ಯಾವ ನಕ್ಷೆಯಲ್ಲೂ, ಯಾವ ಪತ್ರದಲ್ಲೂ ಕಾಣಬಾರದು. ಸಣ್ಣ ಊರಿನಲ್ಲಿ 'ಒಂದು ಪ್ರಕರಣ' ಎಂದರೂ ಸಾಕು, ಯಾರ ಮನೆಯ ಮಗಳು ಎಂದು ಹೋಟೆಲಿನಲ್ಲಿ ಟೀ ಆರುವುದರೊಳಗೆ ತಿಳಿದುಬಿಡುತ್ತದೆ. ಅಂಥ ಕಡೆ ನಾಲ್ಕೈದು ಹಳ್ಳಿ ಸೇರಿಸಿ ಲೆಕ್ಕ ಕೊಡಿ.

2. ನೀರು ಬಿಡುವ ಹೊತ್ತಿಗೆ ಹೋಗಿ ನಿಲ್ಲಿ

ಬೆಳಿಗ್ಗೆ ಹನ್ನೊಂದಕ್ಕೆ ಜೀಪಿನಲ್ಲಿ ಹೋದರೆ ಏನೂ ಕಾಣುವುದಿಲ್ಲ. ನೀರುಗಂಟಿಯನ್ನು ಕೇಳಿ, ಆ ಬೀದಿಗೆ ವಾಲ್ವ್ ತಿರುಗಿಸುವ ಹೊತ್ತಿಗೆ ಅಲ್ಲಿರಿ. ನಾನು ಹೋದದ್ದು ಬೆಳಿಗ್ಗೆ ಐದೂವರೆಗೆ. ಮನೆ ಮುಂದೆ ಮೊಳದುದ್ದದ ಗುಂಡಿ, ಅದರ ಮೇಲೆ ಒಂದು ಚಪ್ಪಡಿ ಕಲ್ಲು. ಕಲ್ಲು ಸರಿಸಿದರೆ ಕೆಳಗೆ ಕತ್ತರಿಸಿದ ಪೈಪಿನ ಬಾಯಿ, ನಲ್ಲಿಯೂ ಇಲ್ಲ, ಬಿರಡೆಯೂ ಇಲ್ಲ. ಗುಂಡಿಯಲ್ಲಿ ರಾತ್ರಿಯ ಬಚ್ಚಲ ನೀರು ನಿಂತಿತ್ತು. ಹೆಂಗಸು ಒಂದು ಚೊಂಬಿನಲ್ಲಿ ಅದನ್ನು ಮೊಗೆದು ಚೆಲ್ಲಿ, ಪೈಪಿನ ಬಾಯಿಗೆ ಬಿಂದಿಗೆ ಒಡ್ಡಿದಳು.

"ನಲ್ಲೀನ ಮೇಲಕ್ಕೆ ಹಾಕಿಸ್ಕೊಳ್ಳಿ ಅಂತ ಹೇಳಿಲ್ವೇನಮ್ಮಾ ಯಾರೂ?"

"ಹೇಳಿದ್ರು ಸಾರ್. ಮೇಲಿಟ್ರೆ ನೀರೇ ಏರಲ್ಲ. ಗುಂಡೀಲಾದ್ರೆ ನಾಕು ಬಿಂದ್ಗೆ ಸಿಗುತ್ತೆ."

ವಾಲ್ವ್ ಮುಚ್ಚಿದ ಮೇಲೆ ಇನ್ನೂ ಹತ್ತು ನಿಮಿಷ ನಿಂತು ನೋಡಿ. ಪೈಪು ಖಾಲಿಯಾಗುತ್ತಾ ಒಳಕ್ಕೆ ಎಳೆದುಕೊಳ್ಳುತ್ತದೆ, ಗುಂಡಿಯ ನೀರು ಗೊಳಗೊಳ ಎನ್ನುತ್ತಾ ಪೈಪಿನೊಳಗೆ ಹೋಗುತ್ತದೆ. ಮರುದಿನ ಮೊದಲ ಬಿಂದಿಗೆಗೆ ಬರುವುದು ಅದೇ. ಓವರ್‌ಹೆಡ್ ಟ್ಯಾಂಕಿಗೆ ಎಷ್ಟು ಬ್ಲೀಚಿಂಗ್ ಪೌಡರ್ ಹಾಕಿದರೂ ಅದು ಇಲ್ಲಿಯ ಕೊಳೆಗೆ ಸಾಲದು.

ಇದನ್ನು ನಂಬಿಸಲು ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ಬಣ್ಣದಲ್ಲಿ ತೋರಿಸುವ ಓಟಿ ಟೆಸ್ಟ್ ಮಾಡಿ. ಟ್ಯಾಂಕಿನ ಕೆಳಗಿನ ನಲ್ಲಿಯಲ್ಲಿ ಒಮ್ಮೆ, ಕೊನೆಯ ಮನೆಯಲ್ಲಿ ಒಮ್ಮೆ. ಮೊದಲನೆಯದು ಹಳದಿಗೆ ತಿರುಗಿ, ಎರಡನೆಯದು ಬಣ್ಣ ಬದಲಿಸದೆ ಹಾಗೇ ಉಳಿದರೆ ಎರಡು ಕೊಳವೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ಫೋಟೊ ತೆಗೆಯಿರಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಟ್ಯಾಂಕಿನಲ್ಲೇ ಬಣ್ಣ ಬಾರದಿದ್ದರೆ ಮೊದಲು ಪೌಡರ್ ಚೀಲ ನೋಡಿ: ಬಾಯಿ ಬಿಚ್ಚಿಟ್ಟ ಚೀಲದಲ್ಲಿ ಕ್ಲೋರಿನ್ ಹಾರಿಹೋಗಿ ಸುಣ್ಣದ ಪುಡಿ ಉಳಿದಿರುತ್ತದೆ. ಒಳ್ಳೆಯ ಪೌಡರಾದರೆ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಸಾಕು, ಅಂದರೆ 50 ಸಾವಿರ ಲೀಟರ್ ಟ್ಯಾಂಕಿಗೆ 125 ಗ್ರಾಂ. ನೀರುಗಂಟಿಗೆ ಗ್ರಾಂ ಲೆಕ್ಕ ಹೇಳಬೇಡಿ, ಒಂದು ಡಬ್ಬಿಯಲ್ಲಿ ಗೆರೆ ಎಳೆದು ಕೊಡಿ.

ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ಬೇರೆ ಮಾತು ಹೇಳಬೇಕು. ಅಲ್ಲಿಯ ಶತ್ರು ಫ್ಲೋರೈಡ್. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಅದೇ ಮಾನದಂಡ. ಕ್ಲೋರಿನ್ ಅದನ್ನು ಮುಟ್ಟುವುದೂ ಇಲ್ಲ. ಕಾಯಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆ. ಆ ಊರುಗಳಲ್ಲಿ ನಿಂತು "ಕಾಯಿಸಿ ಕುಡಿಯಿರಿ" ಎಂದು ಗೋಡೆಗೆ ಬರೆಸಿದವರಲ್ಲಿ ನಾನೂ ಒಬ್ಬ. ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದರೆ ಅದನ್ನು ರಿಪೇರಿ ಮಾಡಿಸುವುದೇ ಅಲ್ಲಿಯ ಆರೋಗ್ಯ ಶಿಕ್ಷಣ.

3. ಬೀಗದ ಕೈ ಯಾರ ಹತ್ತಿರ ಇದೆ?

ಇಲ್ಲಿ ಎಲ್ಲರೂ ಎಡವುತ್ತಾರೆ. ನಾನೂ ಮೊದಲು ಬರೆದ ಪತ್ರದಲ್ಲಿ "ಗುಂಡಿ ನಲ್ಲಿಗಳನ್ನು ತೆರವುಗೊಳಿಸುವುದು" ಎಂದು ಬರೆದೆ. ಪಂಚಾಯಿತಿಯವರು ಖುಷಿಯಿಂದ ಒಪ್ಪಿದರು. ತೆರವುಗೊಳಿಸಿದ್ದರೆ ಬಡವರ ನಾಲ್ಕು ಬಿಂದಿಗೆಯೂ ಹೋಗುತ್ತಿತ್ತು, ಅಷ್ಟೆ. ಅದೃಷ್ಟಕ್ಕೆ ನೀರುಗಂಟಿಯೇ ಪಕ್ಕಕ್ಕೆ ಕರೆದು ಹೇಳಿದ: "ಸಾರ್, ಮುಂದಿನ ಬೀದೀಲಿ ಏಳೆಂಟು ಮನೇವ್ರು ಲೈನಿಗೇ ಮೋಟ್ರು ಕೂರ್ಸವ್ರೆ. ಅವ್ರು ಎಳ್ಕೊಂಡ್ ಮೇಲೆ ಉಳಿದ್ರೆ ತಾನೇ ಹಿಂದಕ್ಕೆ ಹೋಗೋದು?"

ಅಂದರೆ ಭೇದಿಯ ಕಾರಣ ಗುಂಡಿ. ಗುಂಡಿಯ ಕಾರಣ ಒತ್ತಡವಿಲ್ಲದ ನೀರು. ಅದರ ಕಾರಣ ಮೋಟಾರು. ಮೋಟಾರು ಇಟ್ಟುಕೊಂಡವರಲ್ಲಿ ಒಬ್ಬರು ಪಂಚಾಯಿತಿ ಸದಸ್ಯರ ಅಣ್ಣ. 'ಏಕೆ' ಎಂಬ ಪ್ರಶ್ನೆಯನ್ನು ಕನಿಷ್ಠ ಮೂರು ಸಲ ಕೇಳದೆ ಪತ್ರ ಬರೆಯಬೇಡಿ. ಮೇಲಿನ ಮೆಟ್ಟಿಲಲ್ಲೇ ನಿಂತರೆ ಪರಿಹಾರದ ಪೆಟ್ಟು ರೋಗಿಯ ತಲೆಗೇ ಬೀಳುತ್ತದೆ.

ಕಾರಣ ಸಿಕ್ಕ ಮೇಲೆ ಅದರ ಮಾಲೀಕರನ್ನು ಹುಡುಕಿ. ಊರೊಳಗಿನ ನೀರು ಸರಬರಾಜಿನ ನಿರ್ವಹಣೆ ಗ್ರಾಮ ಪಂಚಾಯಿತಿಯದು, ಹಾಗಾಗಿ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ನಮ್ಮಲ್ಲಿ 'ಮನೆ ಮನೆಗೆ ಗಂಗೆ' ಎನ್ನುವ ಜಲಜೀವನ್ ಮಿಷನ್ ಕಾಮಗಾರಿಯಲ್ಲಿ ಪೈಪೇ ತಪ್ಪಾಗಿ ಹಾಕಿದ್ದರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಎಂಜಿನಿಯರು. ಆ ಯೋಜನೆಯ ಗುರಿ ದಿನಕ್ಕೆ ತಲೆಗೆ 55 ಲೀಟರ್, ಅದನ್ನು ಬಾಯಿಪಾಠ ಮಾಡಿಕೊಳ್ಳಿ. ಚರ್ಚೆಯಲ್ಲಿ ಕೆಲಸಕ್ಕೆ ಬರುತ್ತದೆ. ಅಂಗನವಾಡಿಯ ಆಹಾರವಾದರೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ). ಬಸ್ಸಾದರೆ ಡಿಪೋ ಮ್ಯಾನೇಜರ್. ಬಾಲ್ಯವಿವಾಹಕ್ಕೆ ಸಿಡಿಪಿಒ, ಪಿಡಿಒ ಇಬ್ಬರ ಹೆಗಲಿಗೂ ಕಾನೂನಿನ ಹೊಣೆ ಇದೆ, ತುರ್ತಿಗೆ ಮಕ್ಕಳ ಸಹಾಯವಾಣಿ 1098. ಇನ್ನೊಂದು ಇಲಾಖೆಯ ಸಭೆಗೆ ಹೋಗುವ ಮೊದಲು ಅವರ ಒಬ್ಬ ಕ್ಲರ್ಕನ್ನು ಪರಿಚಯ ಮಾಡಿಕೊಳ್ಳಿ ಎನ್ನುವುದು ನನ್ನ ಸ್ವಂತ ಸೇರ್ಪಡೆ. ಯಾವ ಫೈಲು ಎಲ್ಲಿ ಮಲಗಿದೆ ಎಂದು ಸಾಹೇಬರಿಗೆ ಗೊತ್ತಿರುವುದಿಲ್ಲ.

4. ಒಂದೇ ಪುಟದ ಕಾಗದ

ನಮ್ಮ ಇಲಾಖೆಯಿಂದ ಹೋಗುವ ಪತ್ರಗಳ ಕೊನೆಯ ಸಾಲು ಸಾಮಾನ್ಯವಾಗಿ "ಮುಂದಿನ ಸೂಕ್ತ ಕ್ರಮಕ್ಕಾಗಿ ಸಲ್ಲಿಸಿದೆ." ಯಾವುದು ಸೂಕ್ತ, ಯಾವಾಗ, ಯಾರು ಎಂಬುದು ಅದರಲ್ಲಿಲ್ಲ. ಓದಿದವರು ಅದೇ ಸಾಲನ್ನು ಕೆಳಗಿನವರಿಗೆ ಬರೆದು ಸಹಿ ಹಾಕುತ್ತಾರೆ. ಹೀಗೆ ಒಂದು ಸುತ್ತು ತಿರುಗಿ ನಮ್ಮ ಮೇಜಿಗೇ ವಾಪಸ್ ಬಂದ ಕಾಗದವನ್ನು ನಾನು ಕಣ್ಣಾರೆ ಕಂಡಿದ್ದೇನೆ, ಮೇಲೆ ಹನ್ನೊಂದು ಸಹಿ.

ಮಾದರಿ ಹೀಗಿರಲಿ. ಅಂಕಿಗಳನ್ನು ಉದಾಹರಣೆಗೆಂದು ಹಾಕಿದ್ದೇನೆ, ನಿಮ್ಮವನ್ನು ತುಂಬಿಕೊಳ್ಳಿ:

*ಇವರಿಗೆ: ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ... ಗ್ರಾಮ ಪಂಚಾಯಿತಿ.*

*ವಿಷಯ: ... ಗ್ರಾಮದ ಕೊನೆಯ ಬೀದಿಗೆ ಪ್ರತ್ಯೇಕ ವಾಲ್ವ್ ಅಳವಡಿಸಿ, 31 ನಲ್ಲಿಗಳನ್ನು ನೆಲಮಟ್ಟದಿಂದ ಮೇಲಕ್ಕೆ ಏರಿಸುವ ಬಗ್ಗೆ.*

*ಮಾನ್ಯರೇ, ಕಳೆದ 8 ವಾರಗಳಲ್ಲಿ ಈ ಬೀದಿಯ 31 ಮನೆಗಳ ಪೈಕಿ 14 ಮನೆಗಳಲ್ಲಿ ವಾಂತಿಭೇದಿ ಕಂಡುಬಂದಿದೆ. ಅದೇ ಟ್ಯಾಂಕಿನ ನೀರು ಕುಡಿಯುವ ಮುಂದಿನ ಬೀದಿಯ 40 ಮನೆಗಳ ಪೈಕಿ 2ರಲ್ಲಿ ಮಾತ್ರ. ಟ್ಯಾಂಕಿನಲ್ಲಿ ಉಳಿಕೆ ಕ್ಲೋರಿನ್ ಇದೆ, ಬೀದಿಯ ಕೊನೆಯ ನಲ್ಲಿಯಲ್ಲಿ ಇಲ್ಲ (ಫೋಟೊ ಲಗತ್ತಿಸಿದೆ). ಒತ್ತಡ ಕಡಿಮೆಯಿರುವುದರಿಂದ ನಲ್ಲಿಗಳು ಗುಂಡಿಯಲ್ಲಿವೆ. ಸರಬರಾಜು ಲೈನಿಗೆ ನೇರವಾಗಿ ಮೋಟಾರು ಜೋಡಿಸಿರುವುದು ಒತ್ತಡ ಕುಸಿಯಲು ಒಂದು ಕಾರಣವೆಂದು ಸ್ಥಳ ಪರಿಶೀಲನೆಯಲ್ಲಿ ಕಂಡುಬಂದಿದೆ.*

*ಕೋರಿಕೆ: (1) ಪ್ರತ್ಯೇಕ ವಾಲ್ವ್ ಮತ್ತು ಪ್ರತ್ಯೇಕ ವೇಳೆ. (2) ಲೈನಿಗೆ ಜೋಡಿಸಿದ ಮೋಟಾರುಗಳ ತೆರವು. (3) ನಲ್ಲಿ ಏರಿಸುವುದು, ಮೇಲಿನ ಎರಡೂ ಆದ ನಂತರ. ಮಳೆಗಾಲಕ್ಕೆ ಮುಂಚೆ, ಮೇ 31ರೊಳಗೆ ಆಗಬೇಕಾಗಿ ಕೋರಿಕೆ. ಅಲ್ಲಿಯವರೆಗೆ ಆ ಬೀದಿಗೆ ಟ್ಯಾಂಕರ್ ನೀರು.*

*ಪ್ರತಿ: ತಾಲ್ಲೂಕು ಆರೋಗ್ಯಾಧಿಕಾರಿ, ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿ, ಸಹಾಯಕ ಕಾರ್ಯಪಾಲಕ ಎಂಜಿನಿಯರ್.*

ಪಕ್ಕದ ಬೀದಿಯ ಹೋಲಿಕೆ ಈ ಪತ್ರದ ಜೀವ. ಒಂದು ಬೀದಿಯ ಲೆಕ್ಕ ಮಾತ್ರ ಕೊಟ್ಟರೆ "ಅವರಿಗೆ ಶುಚಿತ್ವ ಗೊತ್ತಿಲ್ಲ ಬಿಡಿ" ಎನ್ನುತ್ತಾರೆ. ಶೇಕಡಾವಾರು ಬೇಡ, '31ರಲ್ಲಿ 14' ಎಂದರೆ ಮನೆಗಳು ಕಣ್ಣಿಗೆ ಕಾಣುತ್ತವೆ. ಗೊತ್ತಿರುವುದಕ್ಕಿಂತ ಒಂದು ಗುಲಗಂಜಿ ಹೆಚ್ಚು ಹೇಳಬೇಡಿ. 'ಒಂದು ಕಾರಣ' ಎಂದಿದ್ದರೆ ಸಾಕು, 'ಇದೇ ಕಾರಣ' ಎಂದರೆ ಎದುರಿನವರು ಆ ಒಂದು ಪದವನ್ನೇ ಹಿಡಿದು ಇಡೀ ಪತ್ರವನ್ನು ತಳ್ಳಿಹಾಕುತ್ತಾರೆ.

ಪತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಸುಮ್ಮನಾಗಬೇಡಿ. ಟಪಾಲಿನಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ನಾಳೆ ಏನಾದರೂ ಆದರೆ ಮಾತಾಡುವುದು ಆ ನಂಬರ್. 2022ರಲ್ಲಿ ರಾಯಚೂರು ನಗರದಲ್ಲಿ, 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ನಾವ್ಯಾರೂ ಮರೆತಿಲ್ಲ. ಸಾವಾದ ಮೇಲೆ ಬರುವ ತನಿಖಾ ತಂಡ ಮೊದಲು ಕೇಳುವುದು, ಮುಂಚೆ ಯಾರಾದರೂ ಬರೆದಿದ್ದರೇ ಎಂದು.

5. ದುಡ್ಡಿನ ಕಾಲ ನೋಡಿ ಕೇಳಿ

ಒಳ್ಳೆಯ ಪತ್ರ ತಪ್ಪು ತಿಂಗಳಲ್ಲಿ ಹೋದರೆ "ಕ್ರಿಯಾ ಯೋಜನೆ ಆಗಿಹೋಗಿದೆ, ಮುಂದಿನ ವರ್ಷ ನೋಡೋಣ" ಎಂಬ ಉತ್ತರ ಬರುತ್ತದೆ, ಮತ್ತು ಅದು ಸುಳ್ಳೂ ಅಲ್ಲ. ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ತಯಾರಿ ಅಕ್ಟೋಬರ್ 2ರ ಆಸುಪಾಸಿನಲ್ಲಿ ಶುರುವಾಗುತ್ತದೆ. ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮ ಸಭೆ. ವಾರ್ಡ್ ಸಭೆಯ ಪಟ್ಟಿಯಲ್ಲಿ ಬರದ ಕೆಲಸ ಗ್ರಾಮ ಸಭೆಯಲ್ಲಿ ಸೇರುವುದು ಕಷ್ಟ, ಹಾಗಾಗಿ ಕೆಂಪು ಚುಕ್ಕೆಯ ನಕ್ಷೆ ಮೊದಲು ಅಲ್ಲಿ ಹರಡಬೇಕು. ನಾವೆಲ್ಲ ಗ್ರಾಮ ಸಭೆಗೆ ಇಲಾಖಾ ಪ್ರತಿನಿಧಿ ಅಂತ ಹೋಗಿ ಡೆಂಗಿ, ಟಿಬಿ ಬಗ್ಗೆ ಐದು ನಿಮಿಷ ಮಾತಾಡಿ, ಕಾಫಿ ಕುಡಿದು ಬರುತ್ತೇವೆ. ಆ ಐದು ನಿಮಿಷವನ್ನು ನಕ್ಷೆಗೆ ಕೊಡಿ.

ದುಡ್ಡಿಲ್ಲ ಎನ್ನುವವರಿಗೆ ದುಡ್ಡಿನ ತಲೆಬರಹ ಹೇಳಬೇಕು. 15ನೇ ಹಣಕಾಸು ಆಯೋಗ 2021ರಿಂದ 26ರವರೆಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತ್ತು. ನೀವು ಪತ್ರ ಬರೆಯುವ ವರ್ಷದಲ್ಲಿ ಯಾವ ಅನುದಾನಕ್ಕೆ ಯಾವ ಷರತ್ತಿದೆ ಎಂದು ಪಂಚಾಯಿತಿ ಲೆಕ್ಕ ಸಹಾಯಕರನ್ನೇ ಕೇಳಿ ಬರೆದುಕೊಳ್ಳಿ. ಬೇರೆಯದಕ್ಕೆ ಬಳಸಲಾಗದ ಹಣವನ್ನು ಕೇಳಿದರೆ ಯಾರ ಪಾಲನ್ನೂ ಕಿತ್ತುಕೊಂಡ ಹಾಗಾಗುವುದಿಲ್ಲ.

ನಮ್ಮದೇ ಕೈಯಲ್ಲಿರುವುದು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ವರ್ಷದ ₹10,000. ಅದು ಕುರ್ಚಿ, ಪರದೆ, ಗೋಡೆ ಬರಹಗಳಲ್ಲಿ ಕರಗುವುದೇ ಹೆಚ್ಚು. ಪೈಪ್‌ಲೈನ್ ಹಾಕಿಸಲು ಅದು ಸಾಲುವುದಿಲ್ಲ. ನೀರಿನ ಮಾದರಿ ಪ್ರಯೋಗಾಲಯಕ್ಕೆ ಒಯ್ಯಲು, ಸಭೆಗೆ ಬರುವ ಕೂಲಿ ಹೆಂಗಸರ ಆಟೊ ಚಾರ್ಜಿಗೆ, ನಾಲ್ಕು ಫೋಟೊ ಪ್ರಿಂಟಿಗೆ ಧಾರಾಳವಾಗಿ ಸಾಕು. ದೊಡ್ಡ ಹಣವನ್ನು ಕರೆತರುವ ಸಣ್ಣ ಹಣ ಅದು.

ತಾಲ್ಲೂಕು ಮಟ್ಟದಲ್ಲಿ ಕೆಡಿಪಿ ಸಭೆಯ, ಅಂದರೆ ಇಲಾಖೆಗಳ ಪ್ರಗತಿ ಪರಿಶೀಲನಾ ಸಭೆಯ ದಿನಾಂಕ ಹಿಡಿಯಿರಿ. ಶಾಸಕರ ಎದುರು ಎಲ್ಲ ಇಲಾಖೆಯವರೂ ಒಂದೇ ಕೋಣೆಯಲ್ಲಿ ಸಿಗುವುದು ಅಲ್ಲೇ. ಆದರೆ ಅಲ್ಲಿ ಮೊದಲ ಬಾರಿ ವಿಷಯ ಎತ್ತಿ ಎಂಜಿನಿಯರಿಗೆ ಮುಜುಗರ ಮಾಡಬೇಡಿ. ಹಿಂದಿನ ದಿನ ಫೋನ್ ಮಾಡಿ, "ನಾಳೆ ಈ ಬೀದಿ ವಿಷಯ ಹೇಳ್ತೀನಿ ಸಾರ್, ನಿಮ್ಮ ಉತ್ತರ ರೆಡಿ ಇಟ್ಕೊಳ್ಳಿ" ಎಂದರೆ, ಎಷ್ಟೋ ಸಲ ಕೆಲಸ ಸಭೆಗೆ ಮೊದಲೇ ಆಗಿರುತ್ತದೆ.

6. ಯಾರ ಬಾಯಿಂದ ಬರಬೇಕು?

ನಾವು ಸರ್ಕಾರಿ ನೌಕರರು. ಸಿವಿಲ್ ಸೇವಾ ನಡತೆ ನಿಯಮಗಳಿವೆ, 2021ರಲ್ಲಿ ಹೊಸದಾಗಿ ಬಂದಿವೆ. ಪತ್ರಿಕೆಯಲ್ಲಿ, ಫೇಸ್‌ಬುಕ್‌ನಲ್ಲಿ ಸರ್ಕಾರವನ್ನು ಟೀಕಿಸುವ ಹಾಗಿಲ್ಲ. ಈ ನಿಯಮವನ್ನೇ ಗುರಾಣಿ ಮಾಡಿಕೊಂಡು ಬಾಯಿ ಹೊಲಿದುಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನ. ಆದರೆ ಪರೀಕ್ಷಾ ವರದಿ ಬರೆಯುವುದು, 'ಕುಡಿಯಲು ಯೋಗ್ಯವಲ್ಲ' ಎಂದು ಸಹಿ ಹಾಕುವುದು, ಅದನ್ನು ಸಂಬಂಧಪಟ್ಟವರಿಗೆ ಕಳಿಸಿ ನೆನಪೋಲೆ ಬರೆಯುವುದು ಟೀಕೆಯಲ್ಲ, ಕರ್ತವ್ಯ. ಗಟ್ಟಿ ದನಿ ಬೇಕಾದಾಗ ಅದು ಜನರದ್ದಾಗಿರಲಿ: ಸ್ತ್ರೀಶಕ್ತಿ ಸಂಘ, ಸಂಜೀವಿನಿ ಒಕ್ಕೂಟ, ಶಾಲಾಭಿವೃದ್ಧಿ ಸಮಿತಿ. ಜಲಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ ಐದು ಮಹಿಳೆಯರಿಗೆ ಕಿಟ್‌ನಲ್ಲಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ಅವರನ್ನು ಹುಡುಕಿ. ಕಿಟ್ ಅಟ್ಟದ ಮೇಲಿದ್ದರೆ ಇಳಿಸಿ, ರಾಸಾಯನಿಕದ ಅವಧಿ ಮುಗಿದಿಲ್ಲವೇ ನೋಡಿಕೊಳ್ಳಿ. ತನ್ನ ಕೈಯಾರೆ ಪರೀಕ್ಷೆ ಮಾಡಿದ ಹೆಂಗಸು ಗ್ರಾಮ ಸಭೆಯಲ್ಲಿ ಎದ್ದು ನಿಂತರೆ ಕೂರಿಸುವುದು ಸುಲಭವಲ್ಲ.

ಆಶಾ ಕಾರ್ಯಕರ್ತೆಯನ್ನು ಮಾತ್ರ ಮುಂದೆ ತಳ್ಳಬೇಡಿ. ಗ್ರಾಮ ಆರೋಗ್ಯ ಸಮಿತಿಯ ಸದಸ್ಯ ಕಾರ್ಯದರ್ಶಿ ಆಕೆ, ನಿಜ. ನಮಗೆ ವರ್ಗಾವಣೆ ಇದೆ, ಆಕೆಗಿಲ್ಲ. ಮೋಟಾರಿನ ಮನೆಯೂ ಆಕೆ ದಿನಾ ಹೋಗಬೇಕಾದ ಮನೆಯೇ. ಒಮ್ಮೆ ನಾನು ಸಭೆಯಲ್ಲಿ "ನಮ್ಮ ಆಶಾನೇ ಹೇಳಿದ್ರು" ಎಂದುಬಿಟ್ಟೆ. ತಿಂಗಳುಗಟ್ಟಲೆ ಆ ಬೀದಿಯಲ್ಲಿ ಆಕೆಗೆ ಯಾರೂ ಕೂರಲು ಚಾಪೆ ಹಾಕಲಿಲ್ಲ. ಮಾಹಿತಿ ಯಾರಿಂದ ಬಂದರೂ, ಹೇಳುವಾಗ "ನಾನು ನೋಡಿದೆ" ಎನ್ನಿ. ಅದಕ್ಕಾಗಿಯೇ ಮೊದಲು ನೀವು ಬೆಳಿಗ್ಗೆ ಐದೂವರೆಗೆ ಹೋಗಿರಬೇಕು.

ಜಾತಿಯ ಮಾತನ್ನು ಹೇಗೆ ಹೇಳಬೇಕು ಎಂದು ಹಲವರು ಕೇಳುತ್ತಾರೆ. ಪೈಪಿನ ಕೊನೆಯಲ್ಲಿ ಯಾವ ಕೇರಿ ಇರುತ್ತದೆ ಎಂದು ಎಲ್ಲರಿಗೂ ಗೊತ್ತು. ನಕ್ಷೆಯಲ್ಲಿ ಚುಕ್ಕೆ ಎಲ್ಲಿ ಬಿದ್ದಿವೆಯೋ ಅಲ್ಲಿಯೇ ಬಿಡಿ, ಕೇರಿಯ ಹೆಸರು ಅಳಿಸಬೇಡಿ. ಪತ್ರದಲ್ಲಿ ಸದ್ದಿಲ್ಲದೆ ಬರೆದ ಆ ಹೆಸರು ಮೇಲೆ ಓದುವವರಿಗೆ ಕೇಳಿಸುತ್ತದೆ.

7. ಜಿಲ್ಲೆ, ರಾಜ್ಯದ ಮಟ್ಟದಲ್ಲಿ: ಮೊಟ್ಟೆಯ ಪಾಠ

ಬೀದಿಗೆ ಹೊಂದುವ ವಿಧಾನ ರಾಜ್ಯಕ್ಕೂ ಹೊಂದುತ್ತದೆ. ಶಾಲೆಯಲ್ಲಿ ಮೊಟ್ಟೆ ಕೊಡಬೇಕೇ ಬೇಡವೇ ಎಂದು ನಮ್ಮಲ್ಲಿ ವರ್ಷಗಟ್ಟಲೆ ಜಗಳ ನಡೆಯಿತು, ಹೆಚ್ಚಾಗಿ ಮಕ್ಕಳನ್ನು ಬಿಟ್ಟು ಉಳಿದೆಲ್ಲರ ನಡುವೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ ಮೊದಲು ಶುರು ಮಾಡಿದರು, ತಿನ್ನದವರಿಗೆ ಬಾಳೆಹಣ್ಣು. ವಿರೋಧ ಜೋರಾಗಿಯೇ ಇತ್ತು. ಆಗ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳನ್ನೂ, ಸಿಗದ ಗದಗದ ಮಕ್ಕಳನ್ನೂ ತೂಗಿ, ಎತ್ತರ ಅಳೆದು ಹೋಲಿಸಿದರು. ಯಾದಗಿರಿಯ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಹೆಚ್ಚು ತೂಕ ಏರಿದ್ದರು. ಆಮೇಲೆ ಯೋಜನೆ ಇಡೀ ರಾಜ್ಯಕ್ಕೆ ಹರಡಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ತಕ್ಕಡಿಯಷ್ಟೇ ಅಲ್ಲ, ಬೀದಿಗಿಳಿದ ಸಂಘಟನೆಗಳು, "ನಮಗೆ ಮೊಟ್ಟೆ ಬೇಕು" ಎಂದು ಎದ್ದುನಿಂತು ಹೇಳಿದ ಮಕ್ಕಳು ಎಲ್ಲ ಇದ್ದರು. ಆದರೆ ಎರಡು ಜಿಲ್ಲೆ ಪಕ್ಕಪಕ್ಕದಲ್ಲಿಟ್ಟ ಆ ಹೋಲಿಕೆ ಇಲ್ಲದಿದ್ದರೆ ಚರ್ಚೆ ಇನ್ನೂ ತಟ್ಟೆಯ ಪಾವಿತ್ರ್ಯದ ಸುತ್ತಲೇ ತಿರುಗುತ್ತಿತ್ತು ಎಂದು ನನ್ನ ಲೆಕ್ಕ.

ಜಿಲ್ಲಾ ಕಚೇರಿಯಲ್ಲಿರುವವರೇ, ನಿಮ್ಮ ಹತ್ತಿರ ಹಿಮೋಗ್ಲೋಬಿನ್ ಇದೆ, ಹುಟ್ಟಿನ ತೂಕ ಇದೆ, ಟಿಬಿ ರೋಗಿಗಳ ತೂಕ ಇದೆ. ತಾಲ್ಲೂಕುವಾರು ಪಕ್ಕಪಕ್ಕ ಇಟ್ಟು, ರೇಷನ್ನು, ಕೂಲಿ, ಗುಳೆಯ ಲೆಕ್ಕದ ಜೊತೆ ಒಂದು ಪುಟ ಮಾಡಿ ಜಿಲ್ಲಾ ಪಂಚಾಯಿತಿ ಸಿಇಒ ಮೇಜಿಗೆ ಕಳಿಸಲು ಯಾವ ಹೊಸ ಆದೇಶವೂ ಬೇಕಿಲ್ಲ.

8. ಆದ ಮೇಲೆ, ಆಗದಿದ್ದ ಮೇಲೆ

ಕೆಲಸ ಆದರೆ ಚುಕ್ಕೆ ಇಡುವುದನ್ನು ನಿಲ್ಲಿಸಬೇಡಿ. ಇನ್ನೂ ಆರು ತಿಂಗಳು ಇಟ್ಟು, ಹಳೆಯ ನಕ್ಷೆ ಹೊಸ ನಕ್ಷೆ ಎರಡನ್ನೂ ಪಂಚಾಯಿತಿ ಕಚೇರಿಯಲ್ಲಿ ಅಂಟಿಸಿ. ಹೆಸರು ಅಧ್ಯಕ್ಷರಿಗೆ, ಪಿಡಿಒಗೆ ಹೋಗಲಿ. ನಮಗೆ ಬೇಕಾದದ್ದು ಮುಂದಿನ ಕೆಲಸಕ್ಕೆ ತೆರೆದ ಬಾಗಿಲು. ನಾನು ಹೇಳುತ್ತಿದ್ದ ಬೀದಿಗೆ ವಾಲ್ವ್ ಬಂತು, ಪ್ರತ್ಯೇಕ ವೇಳೆಯೂ ಬಂತು. ನಲ್ಲಿಗಳು ಮೇಲೆದ್ದವು. ಮೋಟಾರುಗಳಲ್ಲಿ ಎರಡು ಈಗಲೂ ಇವೆ.

ಆಗದಿದ್ದರೆ ಹದಿನೈದು ದಿನಕ್ಕೊಂದು ನೆನಪೋಲೆ, ಪ್ರತಿಯೊಂದರಲ್ಲೂ ಹಿಂದಿನ ಇನ್‌ವರ್ಡ್ ನಂಬರ್, ಆಮೇಲೆ ಬಂದ ಹೊಸ ಕೇಸುಗಳ ಸಂಖ್ಯೆ. ಮೂರನೆಯದು ಸಿಇಒಗೆ. ಊರಿನವರು ತಾವಾಗಿ ಸರ್ಕಾರದ ಕುಂದುಕೊರತೆ ಸಹಾಯವಾಣಿ 1902ಕ್ಕೆ ಫೋನ್ ಮಾಡಬಹುದು, ಮಾಹಿತಿ ಹಕ್ಕಿನಲ್ಲಿ ನಿಮ್ಮ ಪತ್ರದ ಮೇಲೆ ಏನು ಕ್ರಮವಾಯಿತೆಂದು ಕೇಳಬಹುದು, 30 ದಿನದೊಳಗೆ ಉತ್ತರ ಕೊಡಬೇಕು. ಹಾಗೆ ಕೇಳಿ ಎಂದು ನೀವು ಹೇಳಿಕೊಡಬೇಕಿಲ್ಲ. ನಿಮ್ಮ ಪತ್ರದ ದಿನಾಂಕ ಮತ್ತು ನಂಬರ್ ಗ್ರಾಮ ಆರೋಗ್ಯ ಸಮಿತಿಯ ನಡಾವಳಿ ಪುಸ್ತಕದಲ್ಲಿ ಬರೆದಿದ್ದರೆ ಸಾಕು, ಅದು ಸಾರ್ವಜನಿಕ ದಾಖಲೆ.

ಇನ್ನು ವರ್ಗಾವಣೆ. ಅರ್ಧಕ್ಕೆ ನಿಂತ ಕೆಲಸಗಳೆಲ್ಲ ಸಾಯುವುದು ಚಾರ್ಜ್ ಕೊಡುವ ದಿನ. ಚಾರ್ಜ್ ಪಟ್ಟಿಯಲ್ಲಿ ಫಾಗಿಂಗ್ ಮಷಿನ್ 1, ಬಿಪಿ ಉಪಕರಣ 2, ಕಬ್ಬಿಣದ ಬೀರು 1 ಎಂದೆಲ್ಲ ಇರುತ್ತದೆ. ಅದರ ಕೆಳಗೆ ಇನ್ನೊಂದು ಸಾಲು ಕೈಯಲ್ಲೇ ಬರೆಯಿರಿ: ಉತ್ತರ ಬಾಕಿ ಇರುವ ಕಾಗದಗಳು 4, ಇನ್‌ವರ್ಡ್ ನಂಬರ್ ಸಮೇತ. ಬಂದವರ ಸಹಿ ಅದರ ಕೆಳಗೂ ಹಾಕಿಸಿಕೊಂಡು ಹೊರಡಿ.